ಪಂಪ್‌ಶೆಡ್ಡಿನ ಪುಟ್ಟ ಕಂಪ್ಯೂಟರ್ ಏಳದೆ ಮಲಗಿದರೆ

ಪಂಪು ನೀರೆತ್ತದಿದ್ದರೆ ನಾವು ಎಂತ ಮಾಡುತ್ತೇವೆ? ಕೂಡಲೇ ಮೋಟಾರು ಬಿಚ್ಚುವುದಿಲ್ಲ. ಮೊದಲು ಕರೆಂಟು ಉಂಟಾ ನೋಡುತ್ತೇವೆ. ಆಮೇಲೆ ಫ್ಯೂಸು. ಆಮೇಲೆ ಸ್ಟಾರ್ಟರ್. ಮೋಟಾರು ತಿರುಗಿಯೂ ನೀರು ಬಾರದಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೋ ಎಂದು ಹುಡುಕುತ್ತೇವೆ. ಈ ಕ್ರಮವನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ. ನೀರಿನ ದಾರಿ ಹಿಡಿದು ಹೋದರೆ ತಾನಾಗಿ ಬರುತ್ತದೆ.

ತೋಟಕ್ಕೆ ನೀರು ಬಿಡುವ ಕೆಲಸಕ್ಕೆ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರು ಈಗ ನಮ್ಮ ಕಡೆ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ರಾಸ್‌ಬೆರಿ ಪೈ ಎಂಬ ಬೋರ್ಡು ಇದರಲ್ಲಿ ಹೆಚ್ಚು ಬಳಕೆಯದ್ದು. ಅಂಗೈಯಗಲದ ಒಂದೇ ಹಲಗೆಯಲ್ಲಿ ಇಡೀ ಕಂಪ್ಯೂಟರ್. ವರ್ಷಗಟ್ಟಲೆ ಸುಮ್ಮನೆ ಕೆಲಸ ಮಾಡುತ್ತದೆ. ಆದರೆ ಇದರ ತಂತ್ರಾಂಶವನ್ನು ಹೊಸದಕ್ಕೆ ಬಡ್ತಿ ಮಾಡುವ ದಿನ ಒಮ್ಮೊಮ್ಮೆ ಏಳದೆ ಮಲಗಿಬಿಡುತ್ತದೆ. ಆಗ ಹೆಚ್ಚಿನವರು "ಬೋರ್ಡು ಸತ್ತಿತು" ಎಂದು ತೀರ್ಮಾನ ಮಾಡುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ನನ್ನದೂ ಸೇರಿ ಇಂತಹ ಐದು ಬೋರ್ಡುಗಳನ್ನು ನೋಡಿದೆ. ಐದರಲ್ಲಿ ಒಂದೂ ಸತ್ತಿರಲಿಲ್ಲ. ಪಂಪಿಗೆ ಮಾಡುವ ತಪಾಸಣೆಯನ್ನೇ ಇದಕ್ಕೂ ಮಾಡಿದರೆ ಸಾಕು ಎಂಬುದು ನನ್ನ ಅನುಭವ.

ನಮಗೆ ಇದು ಯಾಕೆ ಬೇಕು?

ನನ್ನದು ಗುಡ್ಡೆ ಇಳಿಜಾರಿನ ಅಡಿಕೆ ತೋಟ. ಡ್ರಿಪ್ಪಿಗೆ ನಾಲ್ಕು ಬ್ಲಾಕು. ತ್ರಿಫೇಸ್ ಕರೆಂಟು ರಾತ್ರಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳುವಂತಿಲ್ಲ. ಮನೆಯಲ್ಲಿರುವುದು ನಾನು ಮತ್ತು ಹೆಂಡತಿ. ಇಬ್ಬರಿಗೂ ಅರುವತ್ತು ದಾಟಿದೆ. ನಡುರಾತ್ರಿ ಟಾರ್ಚು ಹಿಡಿದು ಜಾರುವ ಮೆಟ್ಟಿಲು ಇಳಿದು, ಹಾವು ಚೇಳು ನೋಡಿಕೊಂಡು ಗೇಟ್‌ವಾಲ್ವ್ ತಿರುಗಿಸುವ ಕಾಲ ನಮಗೆ ಮುಗಿಯಿತು. ಕೆಲಸಕ್ಕೆ ಜನ ಹಗಲಿಗೇ ಸಿಗುವುದಿಲ್ಲ, ರಾತ್ರಿಗೆ ಎಲ್ಲಿಂದ?

ಬೋರ್ಡು ಮೂರು ಫೇಸೂ ಬಂದದ್ದನ್ನು ನೋಡಿ, ಎರಡು ನಿಮಿಷ ಕಾದು, ರಿಲೇ ಮೂಲಕ ಸ್ಟಾರ್ಟರ್ ಎತ್ತುತ್ತದೆ. ಒಂದೊಂದೇ ಬ್ಲಾಕಿನ ವಾಲ್ವನ್ನು ಸರದಿಯಂತೆ ತೆರೆಯುತ್ತದೆ. ಕರೆಂಟು ಹೋದರೆ ಎಲ್ಲಿಗೆ ನಿಂತಿತು ಎಂದು ಬರೆದಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಸುತ್ತದೆ. ಇಷ್ಟೇ ಕೆಲಸ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸ ಒಂದು ವಾರ ನಿಂತರೆ ಹಿಂಗಾರ ಒಣಗುತ್ತದೆ, ಎಳೆ ಮಿಡಿ ಉದುರುತ್ತದೆ. ಬೋರ್ಡು ಏಳದಿದ್ದರೆ ಪೇಟೆಯಿಂದ ಯಾರೋ ಬರುವ ತನಕ ಕಾಯಲಿಕ್ಕಾಗುವುದಿಲ್ಲ.

"ಹಾಗಾದರೆ ಬಡ್ತಿ ಯಾಕೆ ಮಾಡಬೇಕು? ಇದ್ದದ್ದು ಇದ್ದ ಹಾಗೇ ಇರಲಿ" ಎಂದು ಕೇಳುವವರಿದ್ದಾರೆ. ಇಂಟರ್‌ನೆಟ್ಟಿಗೆ ಜೋಡಿಸದ ಬೋರ್ಡಾದರೆ ಆ ಮಾತು ಸರಿ. ಮೊಬೈಲಿಗೆ ಸಂದೇಶ ಕಳಿಸುವ ಬೋರ್ಡಾದರೆ ಸರಿಯಲ್ಲ. ಈ ಬೋರ್ಡಿನ ವ್ಯವಸ್ಥೆ ಡೆಬಿಯನ್ ಎಂಬ ಲಿನಕ್ಸಿನ ಮೇಲೆ ನಿಂತದ್ದು. ಪ್ರತಿ ಆವೃತ್ತಿಗೂ ಒಂದು ಆಯುಷ್ಯ ಉಂಟು. ಉದಾಹರಣೆಗೆ 2019ರ ಬಸ್ಟರ್ ಆವೃತ್ತಿಗೆ ಡೆಬಿಯನ್‌ನವರ ದೀರ್ಘಾವಧಿ ಬೆಂಬಲ 2024ರ ಜೂನ್‌ಗೆ ಮುಗಿಯಿತು. ಆಮೇಲೆ ಭದ್ರತೆಯ ತೂತು ಕಂಡುಬಂದರೆ ಮುಚ್ಚುವವರಿಲ್ಲ. ಹೊಸ ಸಲಕರಣೆಯ ತಂತ್ರಾಂಶವೂ ಹಳೆಯದರಲ್ಲಿ ಕೂರುವುದಿಲ್ಲ.

ಬೋರ್ಡು ಏಳುವ ಕ್ರಮ

ಕರ್ನಲ್ ಎಂದರೆ ತಿರುಳು. ಅಡಿಕೆ ಬೆಳೆಯುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದ ತಂತ್ರಾಂಶವೆಲ್ಲ ಅದರ ಮೇಲಿನ ಸಿಪ್ಪೆ. ಬೋರ್ಡಿಗೆ ಕರೆಂಟು ಕೊಟ್ಟ ಕೂಡಲೇ ತಿರುಳು ಏಳುವುದಿಲ್ಲ. ಅದಕ್ಕೂ ಮೊದಲು ಮೂರ್ನಾಲ್ಕು ಮೆಟ್ಟಿಲುಂಟು. (ಕಡತಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ.)

ಪೈ 3ರ ಲೆಕ್ಕ ಹೀಗೆ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಬರೆದ ಸಣ್ಣ ಕಾರ್ಯಕ್ರಮವೊಂದು ಮೆಮೊರಿ ಕಾರ್ಡಿನ ಮೊದಲ ಭಾಗವನ್ನು ತೆರೆದು ಬೂಟ್‌ಕೋಡ್.ಬಿನ್ ಎಂಬ ಕಡತವನ್ನು ಓದುತ್ತದೆ. ಅದು ಸ್ಟಾರ್ಟ್.ಇಎಲ್‌ಎಫ್ ಎಂಬುದನ್ನು ಎಬ್ಬಿಸುತ್ತದೆ. ಸ್ಟಾರ್ಟ್.ಇಎಲ್‌ಎಫ್ ಎದ್ದು ಕಾನ್ಫಿಗ್.ಟಿಎಕ್ಸ್‌ಟಿ ಮತ್ತು ಸಿಎಂಡಿಲೈನ್.ಟಿಎಕ್ಸ್‌ಟಿ ಎಂಬ ಎರಡು ಚೀಟಿಗಳನ್ನು ಓದಿ, ಅದರಲ್ಲಿ ಹೇಳಿದ ಹಾಗೆ ಕರ್ನಲ್ ಕಡತವನ್ನು ಎತ್ತುತ್ತದೆ. ಕರ್ನಲ್ ಎದ್ದ ಮೇಲೆ ಕಾರ್ಡಿನ ಎರಡನೇ ಭಾಗವನ್ನು ಹುಡುಕುತ್ತದೆ. ನಮ್ಮ ನೀರಿನ ಕಾರ್ಯಕ್ರಮ ಇರುವುದು ಅಲ್ಲಿ.

ಪೈ 4ರಲ್ಲಿ ಬೂಟ್‌ಕೋಡಿನ ಕೆಲಸ ಬೋರ್ಡಿನ ಮೇಲೇ ಇರುವ ಒಂದು ಪುಟ್ಟ ನೆನಪಿನ ಚಿಪ್ಪಿಗೆ ಬಂತು. ಅದಕ್ಕೆ ಬೇಕಾದ್ದು ಸ್ಟಾರ್ಟ್4.ಇಎಲ್‌ಎಫ್. ಕರ್ನಲ್ಲಿಗೂ ಬೋರ್ಡಿಗೊಂದು ಹೆಸರು. ಹಳೆಯ ಮೊದಲ ಪೈಗೆ ಬರೀ ಕರ್ನಲ್.ಐಎಂಜಿ. ಪೈ 2 ಮತ್ತು 3ಕ್ಕೆ 32 ಬಿಟ್‌ನಲ್ಲಿ ಕರ್ನಲ್7. ಪೈ 4ಕ್ಕೆ ಕರ್ನಲ್7ಎಲ್. 64 ಬಿಟ್ ಆದರೆ ಕರ್ನಲ್8. 2023ರಲ್ಲಿ ಬಂದ ಪೈ 5ಕ್ಕೆ ಸ್ಟಾರ್ಟ್ ಕಡತವೇ ಬೇಡ, ಅದರ ಕರ್ನಲ್ಲಿನ ಹೆಸರಿನಲ್ಲಿ 2712 ಎಂಬ ಸಂಖ್ಯೆ ಉಂಟು.

ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ ಎಂದು ಕಂಡುಹಿಡಿದರೆ ಅರ್ಧ ಕೆಲಸ ಮುಗಿಯಿತು.

ಹಸಿರು ದೀಪ ಮಾತಾಡುತ್ತದೆ

ಬೋರ್ಡಿನಲ್ಲಿ ಒಂದು ಕೆಂಪು ದೀಪ, ಒಂದು ಹಸಿರು ದೀಪ. ಕೆಂಪು ಕರೆಂಟಿನದ್ದು. ಹಸಿರು ಸಾಧಾರಣವಾಗಿ ಕಾರ್ಡು ಓದುವಾಗ ಹೇಗೆಂದರೆ ಹಾಗೆ ಮಿನುಗುತ್ತದೆ. ಆದರೆ ಬೋರ್ಡು ಏಳದೆ ಸಿಕ್ಕಿಬಿದ್ದರೆ ಹಸಿರು ದೀಪ ಲೆಕ್ಕ ಹಾಕಿ ಮಿನುಗಿ, ಸ್ವಲ್ಪ ನಿಲ್ಲಿಸಿ, ಮತ್ತೆ ಅಷ್ಟೇ ಸಲ ಮಿನುಗುತ್ತದೆ. ಕಣ್ಣಿಟ್ಟು ಎಣಿಸಿ. ಪುಸ್ತಕದಲ್ಲಿ ಬರೆದಿಡಿ.

* 4 ಗಿಡ್ಡ ಮಿನುಗು: ಸ್ಟಾರ್ಟ್ ಕಡತ ಸಿಗಲಿಲ್ಲ.
* 7 ಗಿಡ್ಡ ಮಿನುಗು: ಕರ್ನಲ್ ಕಡತ ಸಿಗಲಿಲ್ಲ.
* 8 ಗಿಡ್ಡ ಮಿನುಗು: ಬೋರ್ಡಿನ ನೆನಪಿನ ಚಿಪ್ಪಿನಲ್ಲಿ ತೊಂದರೆ. ಇದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ.
* 2 ಉದ್ದ, 1 ಗಿಡ್ಡ: ಕಾರ್ಡಿನ ಮೊದಲ ಭಾಗ ಓದುವ ರೂಪದಲ್ಲಿಲ್ಲ.
* 4 ಉದ್ದ, 4 ಗಿಡ್ಡ: ಈ ಬೋರ್ಡು ಯಾವುದೆಂದು ಕಾರ್ಡಿನ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ.

ಟಿವಿಗೆ ಜೋಡಿಸಿ ನೋಡಿದರೆ ಇನ್ನೊಂದು ಗುರುತು ಸಿಗುತ್ತದೆ. ಕಾಮನಬಿಲ್ಲಿನ ಬಣ್ಣದ ಚೌಕ ಬಂದು ಅಲ್ಲೇ ನಿಂತರೆ ಸ್ಟಾರ್ಟ್ ಕಡತದ ವರೆಗೆ ಎಲ್ಲ ಸರಿ, ಕರ್ನಲ್ಲಿನಿಂದ ಮುಂದೆ ತೊಂದರೆ ಎಂದರ್ಥ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಓಡಿ ನಿಂತರೆ ಕರ್ನಲ್ ಎದ್ದಿದೆ, ಆಮೇಲೆ ಏನೋ ಆಗಿದೆ.

ಒಂದನೇ ಬೋರ್ಡು: ಏಳು ಮಿನುಗು

ಇದು ನನ್ನದೇ. ಪೈ 3. 2023ರ ಮೇ ಮೊದಲ ವಾರ. ಬುಲ್ಸ್‌ಐ ಆವೃತ್ತಿಗೆ ಹೊಸ ಕರ್ನಲ್ ಬಂದಿತ್ತು. ಇನ್ವರ್ಟರ್ ಮೇಲೆ ಇಟ್ಟು ಬಡ್ತಿಗೆ ಹಾಕಿದ್ದೆ. ಮಧ್ಯಾಹ್ನ ಮಳೆಯಿಲ್ಲದ ಒಣ ಸಿಡಿಲೊಂದು ಬಡಿದು ಇನ್ವರ್ಟರೂ ಸೇರಿ ಮನೆಯಿಡೀ ಟ್ರಿಪ್ ಆಯಿತು. ಮತ್ತೆ ಕರೆಂಟು ಕೊಟ್ಟಾಗ ಹಸಿರು ದೀಪ ಏಳು ಸಲ ಮಿನುಗಿತು. ನಿಂತಿತು. ಮತ್ತೆ ಏಳು.

ನೆರೆಕರೆಯವರು ಬಂದು ನೋಡಿದರು. "ಸಿಡಿಲಿಗೆ ಹೋಯ್ತು ಭಾವ. ಇನ್ನು ಹೊಸತು ತರಿಸುವುದೇ ಸೈ" ಎಂದರು. ಆದರೆ ಸಿಡಿಲಿಗೆ ಹೋದ ಬೋರ್ಡು ಲೆಕ್ಕ ಹಾಕಿ ಏಳು ಸಲ ಮಿನುಗುವುದಿಲ್ಲವಲ್ಲ! ಮಿನುಗಬೇಕಾದರೆ ಸ್ಟಾರ್ಟ್ ಕಡತ ಎದ್ದಿರಬೇಕು. ಅದು ಎದ್ದಿದೆ ಎಂದರೆ ಬೋರ್ಡಿಗೆ ಜೀವ ಉಂಟು.

ಕಾರ್ಡು ತೆಗೆದು ಮನೆಯ ಕಂಪ್ಯೂಟರಿಗೆ ಹಾಕಿದೆ. ಮೊದಲ ಭಾಗ ತೆರೆಯಿತು. ಕರ್ನಲ್ ಹೆಸರಿನ ಒಂದು ಕಡತವೂ ಅಲ್ಲಿರಲಿಲ್ಲ. ಕಾರಣ ಹೀಗೆ. ಆ ಆವೃತ್ತಿಗಳಲ್ಲಿ ಬಡ್ತಿಯ ಹೊತ್ತಿಗೆ ಹೊಸ ಕರ್ನಲ್ ನೇರ ತನ್ನ ಜಾಗಕ್ಕೆ ಬರುವುದಿಲ್ಲ. ಮೊದಲು ಎರಡನೇ ಭಾಗದೊಳಗೆ ರಪಿಕರ್ನಲ್‌ಹ್ಯಾಕ್ ಎಂಬ ಫೋಲ್ಡರಿನಲ್ಲಿ ಕೂತು, ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಮೊದಲ ಭಾಗಕ್ಕೆ ಬರುತ್ತದೆ. ಅಡಿಕೆಯನ್ನು ಅಂಗಳದಿಂದ ಎತ್ತಿಯಾಗಿದೆ, ಅಟ್ಟಕ್ಕೆ ಹಾಕಿಲ್ಲ, ನಡುವೆ ಜಗಲಿಯಲ್ಲಿ ಉಳಿದಿದೆ ಎಂಬ ಸ್ಥಿತಿ.

ಒಂದು ಎಚ್ಚರಿಕೆ. ವಿಂಡೋಸ್ ಕಂಪ್ಯೂಟರಿಗೆ ಕಾರ್ಡಿನ ಮೊದಲ ಭಾಗ ಮಾತ್ರ ಓದಲಿಕ್ಕೆ ಬರುತ್ತದೆ. ಎರಡನೇ ಭಾಗ ಲಿನಕ್ಸಿನದ್ದು. ಅದನ್ನು ಕಂಡು ವಿಂಡೋಸ್ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳುತ್ತದೆ. ಬೇಡ ಎನ್ನಿ. ಹೌದು ಎಂದರೆ ನಿಮ್ಮ ನೀರಿನ ಲೆಕ್ಕವೆಲ್ಲ ಹೋಯಿತು.

ಪರಿಹಾರ: ಇನ್ನೊಂದು ಕಾರ್ಡಿಗೆ ಹೊಸತಾಗಿ ವ್ಯವಸ್ಥೆ ತುಂಬಿಸಿ ಅದೇ ಬೋರ್ಡನ್ನು ಅದರಿಂದ ಎಬ್ಬಿಸಿದೆ. ಎದ್ದಿತು. ಬೋರ್ಡು ಸರಿಯಿದೆ ಎಂಬುದಕ್ಕೆ ಇದೇ ಸಾಕ್ಷಿ. ಹಳೇ ಕಾರ್ಡನ್ನು ಯುಎಸ್‌ಬಿ ರೀಡರಿನಲ್ಲಿ ಚುಚ್ಚಿ, ಅದರ ಎರಡನೇ ಭಾಗವನ್ನು ಒಂದು ಫೋಲ್ಡರಿಗೆ ಜೋಡಿಸಿ, ಮೊದಲ ಭಾಗವನ್ನು ಅದರೊಳಗಿನ ಬೂಟ್ ಫೋಲ್ಡರಿಗೆ ಜೋಡಿಸಿದೆ. ಡೆವ್, ಪ್ರಾಕ್, ಸಿಸ್ ಎಂಬ ಮೂರನ್ನೂ ಒಳಗೆ ಕಾಣುವಂತೆ ಮಾಡಿ, ಸಿಎಚ್‌ರೂಟ್ ಎಂಬ ಆಜ್ಞೆಯಿಂದ ಹಳೇ ಕಾರ್ಡಿನ ಮನೆಯೊಳಗೆ ಹೊಕ್ಕೆ. ಅಲ್ಲಿ ನಿಂತು ಡಿಪಿಕೆಜಿಗೆ "ಕಾನ್ಫಿಗರ್, ಎಲ್ಲವನ್ನೂ" ಎಂಬ ಆಜ್ಞೆ ಕೊಟ್ಟರೆ ಅರ್ಧದಲ್ಲಿ ನಿಂತ ಬಡ್ತಿ ಮುಂದುವರಿಯುತ್ತದೆ. ಐದಾರು ನಿಮಿಷ ಹಿಡಿಯಿತು. ಕರ್ನಲ್ ತನ್ನ ಜಾಗಕ್ಕೆ ಬಂತು. ಕಾರ್ಡು ಹಿಂದೆ ಹಾಕಿದೆ. ಎದ್ದಿತು.

ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ನಮ್ಮಲ್ಲಿಗೆ ಬರುವಾಗ ಇನ್ನೂ ತಡ. ಬೋರ್ಡು ಒಂದೂವರೆ ದಿನದಲ್ಲಿ ಎದ್ದ ಕಾರಣ ಒಂದೇ ಒಂದು ರಾತ್ರಿ ಕೈಯಲ್ಲಿ ವಾಲ್ವ್ ತಿರುಗಿಸಿದೆವು. ಹೊಸ ಬೋರ್ಡು ಅಂಚೆಯಲ್ಲಿ ಬರುವ ತನಕ ಕೂತಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಎರಡನೇ ಬೋರ್ಡು: ಹೊಸ ಬೋರ್ಡಿಗೆ ಹಳೇ ಕಾರ್ಡು

ಸುಳ್ಯ ಕಡೆಯ ಕೃಷಿಕ ಮಿತ್ರರೊಬ್ಬರದ್ದು. ಅವರ ಪೈ 3 ನಿಜವಾಗಿಯೂ ಸಿಡಿಲಿಗೆ ಹೋಗಿತ್ತು. ಪೈ 4 ತರಿಸಿ, 2018ರಲ್ಲಿ ಮಾಡಿದ ಹಳೇ ಕಾರ್ಡನ್ನೇ ಅದಕ್ಕೆ ಹಾಕಿದರು. ಹಸಿರು ದೀಪ ನಾಲ್ಕು ಸಲ ಮಿನುಗುತ್ತಿತ್ತು. "ಹೊಸ ಬೋರ್ಡೇ ಹಾಳು ಬಂದಿದೆ ಮಾರಾಯ್ರೇ" ಎಂದು ಅಂಗಡಿಗೆ ವಾಪಸು ಕಳಿಸಲು ಪೊಟ್ಟಣ ಕಟ್ಟಿಯಾಗಿತ್ತು.

ನಾಲ್ಕು ಎಂದರೆ ಸ್ಟಾರ್ಟ್ ಕಡತ ಇಲ್ಲ. ಪೈ 4 ಬಂದದ್ದು 2019ರ ಜೂನ್‌ನಲ್ಲಿ. 2018ರ ಕಾರ್ಡಿನಲ್ಲಿ ಸ್ಟಾರ್ಟ್4 ಇರಲು ಹೇಗೆ ಸಾಧ್ಯ? ಹಳೇ ಸ್ಟಾರ್ಟ್ ಉಂಟು, ಹೊಸ ಬೋರ್ಡಿಗೆ ಅದು ಲೆಕ್ಕಕ್ಕಿಲ್ಲ. ಮೂರು ಎಚ್‌ಪಿ ಸ್ಟಾರ್ಟರ್ ತೆಗೆದು ಏಳೂವರೆ ಎಚ್‌ಪಿ ಮೋಟಾರಿಗೆ ಕಟ್ಟಿದ ಹಾಗೆ. ಬಸ್ಟರ್ ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನು ಬೇರೆ ಕಾರ್ಡಿಗೆ ತುಂಬಿಸಿ, ಹಳೇ ಕಾರ್ಡಿನಿಂದ ನೀರಿನ ಕಾರ್ಯಕ್ರಮವನ್ನು ಮಾತ್ರ ಎತ್ತಿ ತಂದರೆ ಆಯಿತು. ಪೊಟ್ಟಣ ಬಿಚ್ಚಿದರು.

ಮೂರನೇ ಬೋರ್ಡು: ಕರ್ನಲ್ ಎದ್ದಿತು, ಮನೆ ಸಿಗಲಿಲ್ಲ

ಇವರದ್ದು 8 ಜಿಬಿ ಕಾರ್ಡು. ಹೊಸ ಆವೃತ್ತಿಗೆ ಜಾಗ ಸಾಲದೆಂದು 32 ಜಿಬಿ ಕಾರ್ಡಿನಲ್ಲಿ ಹೊಸತಾಗಿ ಭಾಗ ಮಾಡಿ ಕಡತಗಳನ್ನೆಲ್ಲ ನಕಲಿಸಿದ್ದರು. ಒಂದನ್ನೂ ಬಿಟ್ಟಿರಲಿಲ್ಲ. ಆದರೂ ಏಳಲಿಲ್ಲ. ದೀಪದಲ್ಲಿ ಲೆಕ್ಕದ ಮಿನುಗೂ ಇಲ್ಲ.

ಸಿಎಂಡಿಲೈನ್ ಚೀಟಿಯಲ್ಲಿ ಕ್ವಯಟ್ ಎಂಬ ಪದ ಇರುತ್ತದೆ. ಅದು ಇದ್ದರೆ ಕರ್ನಲ್ ಬಾಯಿ ಮುಚ್ಚಿಕೊಂಡು ಏಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಆ ಪದ ತೆಗೆದು ಉಳಿಸಿದೆವು. ಈ ಚೀಟಿಯಲ್ಲಿ ಇರಬೇಕಾದ್ದು ಒಂದೇ ಸಾಲು, ನಡುವೆ ಎಂಟರ್ ಒತ್ತಬಾರದು. ಟಿವಿಗೆ ಜೋಡಿಸಿದಾಗ ಕೊನೆಯ ಸಾಲಿನಲ್ಲಿ "ರೂಟ್ ಡಿವೈಸಿಗೆ ಕಾಯುತ್ತಿದ್ದೇನೆ" ಎಂಬ ಅರ್ಥದ ಇಂಗ್ಲಿಷ್ ವಾಕ್ಯ, ಜತೆಗೆ ಒಂದು ಉದ್ದದ ಸಂಖ್ಯೆ.

ವಿಷಯ ಇಷ್ಟೇ. ಕಾರ್ಡಿನ ಪ್ರತಿ ಭಾಗಕ್ಕೂ ಪಾರ್ಟ್‌ಯುಯುಐಡಿ ಎಂಬ ಗುರುತಿನ ಸಂಖ್ಯೆ ಉಂಟು, ಜಾಗದ ಸರ್ವೆ ನಂಬರಿನ ಹಾಗೆ. ಹೊಸತಾಗಿ ಭಾಗ ಮಾಡಿದಾಗ ಹೊಸ ನಂಬರು ಬಿತ್ತು. ಚೀಟಿಯಲ್ಲಿ ಮಾತ್ರ ಹಳೇ ನಂಬರೇ ಉಳಿಯಿತು. ಕರ್ನಲ್ ಆ ಹಳೇ ನಂಬರಿನ ಜಾಗ ಹುಡುಕಿಕೊಂಡು ಕಾಯುತ್ತಾ ಕೂತಿತ್ತು. ಇನ್ನೊಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಬಿಎಲ್‌ಕೆಐಡಿ ಎಂಬ ಆಜ್ಞೆ ಕೊಟ್ಟರೆ ಈಗಿನ ನಂಬರು ಸಿಗುತ್ತದೆ. ಅದನ್ನು ಎರಡು ಕಡೆ ತಿದ್ದಬೇಕು. ಒಂದು ಸಿಎಂಡಿಲೈನ್, ಇನ್ನೊಂದು ಎರಡನೇ ಭಾಗದ ಇಟಿಸಿ ಫೋಲ್ಡರಿನಲ್ಲಿರುವ ಎಫ್‌ಎಸ್‌ಟ್ಯಾಬ್. ಎರಡೂ ತಿದ್ದಿದ ಮೇಲೆ ಎದ್ದಿತು.

ಕೆಲವೊಮ್ಮೆ ಕಾಯುವ ಬದಲು "ಕರ್ನಲ್ ಪ್ಯಾನಿಕ್" ಎಂದು ಬರೆದು ನಿಲ್ಲುತ್ತದೆ. ಹೆಸರು ಕೇಳಿ ಹೆದರಬೇಡಿ. ಆ ಸಾಲಿನ ಕೊನೆಯ ಆವರಣದಲ್ಲಿ ಎರಡು ಅಂಕೆಗಳಿರುತ್ತವೆ. 0,0 ಎಂದಿದ್ದರೆ ಕರ್ನಲ್ಲಿಗೆ ಕಾರ್ಡಿನ ಭಾಗವೇ ಸಿಗಲಿಲ್ಲ. 179,2 ಎಂದಿದ್ದರೆ ಕಾರ್ಡಿನ ಎರಡನೇ ಭಾಗ ಸಿಕ್ಕಿತು, ಓದಲಿಕ್ಕೆ ಆಗಲಿಲ್ಲ. ಎರಡನೆಯದಾದರೆ ಇನ್ನೊಂದು ಪೈಯಲ್ಲಿ ಆ ಕಾರ್ಡನ್ನು ಎಫ್‌ಎಸ್‌ಸಿಕೆ ಆಜ್ಞೆಯಿಂದ ತಪಾಸಣೆ ಮಾಡಿಸಿ. ಮತ್ತೆ ಮತ್ತೆ ಹಾಗಾದರೆ ಕಾರ್ಡಿನ ಆಯುಷ್ಯ ಮುಗಿಯಿತೆಂದು ತಿಳಿಯಬಹುದು.

ಪಂಪ್‌ಶೆಡ್ಡಿಗೆ ಟಿವಿ ಹೊರಲಿಕ್ಕೆ ಆಗದವರು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಸಣ್ಣ ಕೇಬಲ್ ಇಟ್ಟುಕೊಳ್ಳಬಹುದು. ಬೋರ್ಡಿನ 6ನೇ ಪಿನ್ನು ಗ್ರೌಂಡ್, 8ನೆಯದು ಬೋರ್ಡು ಮಾತಾಡುವ ತಂತಿ, 10ನೆಯದು ಕೇಳುವ ತಂತಿ. ಬೋರ್ಡಿನ 8ನೆಯದನ್ನು ಕೇಬಲಿನ ಕೇಳುವ ತಂತಿಗೆ, 10ನೆಯದನ್ನು ಕೇಬಲಿನ ಮಾತಾಡುವ ತಂತಿಗೆ ಅಡ್ಡಡ್ಡ ಜೋಡಿಸಬೇಕು. ವೇಗ 115200. ಕಾನ್ಫಿಗ್ ಚೀಟಿಯಲ್ಲಿ ಎನೇಬಲ್ ಯುಎಆರ್‌ಟಿ ಎಂಬುದಕ್ಕೆ 1 ಎಂದು ಕೊಡಬೇಕು. ಕೇಬಲ್ 3.3 ವೋಲ್ಟಿನದ್ದೇ ಆಗಬೇಕು. 5 ವೋಲ್ಟಿನದ್ದು ಚುಚ್ಚಿದರೆ ಬೋರ್ಡು ನಿಜವಾಗಿಯೂ ಸಾಯುತ್ತದೆ. ಲ್ಯಾಪ್‌ಟಾಪಿನಲ್ಲಿ ಕರ್ನಲ್ ಹೇಳುವುದೆಲ್ಲ ಸಾಲುಸಾಲಾಗಿ ಓದಬಹುದು.

ನಾಲ್ಕನೇ ಬೋರ್ಡು: ಹೊಸ ಕರ್ನಲ್ ಬೇರೆ ಕೋಣೆಗೆ

ಬೆಂಗಳೂರಿನಿಂದ ರಜೆಗೆ ಬಂದ ಅಳಿಯ ಮಾವನ ಬೋರ್ಡನ್ನು ಬುಲ್ಸ್‌ಐಯಿಂದ ಬುಕ್‌ವರ್ಮ್‌ಗೆ ಬಡ್ತಿ ಮಾಡಿ ಹಿಂದೆ ಹೋಗಿದ್ದ. ಬೋರ್ಡು ಏನೋ ಎದ್ದಿತು. ವೈಫೈ ಇಲ್ಲ. ಉಷ್ಣತೆ ಅಳೆಯುವ ಸೆನ್ಸರ್ ಕಾಣುವುದಿಲ್ಲ. "ಅರ್ಧ ಜೀವ ಬಂದಿದೆ, ಎಂತ ಮಾಡುವುದು?" ಎಂದು ಮಾವ ಫೋನು ಮಾಡಿದರು.

2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್‌ನಲ್ಲಿ ಒಂದು ಬದಲಾವಣೆ ಆಯಿತು. ಕಾರ್ಡಿನ ಮೊದಲ ಭಾಗವನ್ನು ಬೂಟ್ ಎಂಬ ಫೋಲ್ಡರಿಗೆ ಜೋಡಿಸುತ್ತಿದ್ದದ್ದು ಬೂಟ್‌ನೊಳಗಿನ ಫರ್ಮ್‌ವೇರ್ ಎಂಬ ಫೋಲ್ಡರಿಗೆ ಸರಿಯಿತು. ಈ ಬೋರ್ಡಿನಲ್ಲಿ ಮೊದಲ ಭಾಗ ಹಳೇ ಜಾಗದಲ್ಲೇ ಉಳಿದಿತ್ತು. ಹೊಸ ಕರ್ನಲ್ ಹೊಸ ಫೋಲ್ಡರಿಗೆ ಬಂದು ಕೂತಿತು. ಬೋರ್ಡು ಏಳುವಾಗ ಓದುವುದು ಮೊದಲ ಭಾಗದ ಬುಡವನ್ನು, ಅಲ್ಲಿರುವುದು ಹಳೇ ಕರ್ನಲ್.

ಹಳೇ ಕರ್ನಲ್ ಏಳುತ್ತದೆ ಸರಿ. ಆದರೆ ಪ್ರತಿ ಕರ್ನಲ್ಲಿಗೂ ಅದರದ್ದೇ ಮಾಡ್ಯೂಲುಗಳು ಬೇಕು. ವೈಫೈ, ಸೆನ್ಸರ್ ಇತ್ಯಾದಿಗಳ ಚಾಲಕಗಳು ಅವು. ಎರಡನೇ ಭಾಗದ ಲಿಬ್, ಅದರೊಳಗಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಕರ್ನಲ್ಲಿನ ಸಂಖ್ಯೆಯ ಹೆಸರಲ್ಲೇ ಇರುತ್ತವೆ. ಯುನೇಮ್ ಆಜ್ಞೆ ತೋರಿಸುವ ಸಂಖ್ಯೆಯೂ ಆ ಫೋಲ್ಡರಿನ ಹೆಸರೂ ಒಂದೇ ಆಗಿರಬೇಕು. ಇಲ್ಲಿ ಆಗಿರಲಿಲ್ಲ. ಎಫ್‌ಎಸ್‌ಟ್ಯಾಬಿನಲ್ಲಿ ಜಾಗ ತಿದ್ದಿ, ಮೊದಲ ಭಾಗವನ್ನು ಸರಿಯಾದ ಫೋಲ್ಡರಿಗೆ ಜೋಡಿಸಿ, ಕರ್ನಲ್ ಪೊಟ್ಟಣವನ್ನು ಮತ್ತೊಮ್ಮೆ ಹಾಕಿಸಿದ ಮೇಲೆ ಸರಿಯಾಯಿತು.

ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಇದ್ದ ಕಾರ್ಡಿನಲ್ಲೇ ಹಾರಬೇಡಿ, ಹೊಸ ಕಾರ್ಡಿಗೆ ಹೊಸತಾಗಿ ತುಂಬಿಸಿ ಎಂದು ಬೋರ್ಡು ಮಾಡುವವರೇ ಹೇಳುತ್ತಾರೆ. ಹಳೇ ಬಳ್ಳಿಯ ಬುಡಕ್ಕೆ ಮಣ್ಣು ಹಾಕುವುದಕ್ಕಿಂತ ಹೊಸ ಬಳ್ಳಿ ನೆಡುವುದು ಲೇಸು ಎಂಬ ಹಾಗೆ. ಹಳೆಯ ಕಾರ್ಡುಗಳಲ್ಲಿ ಮೊದಲ ಭಾಗದ ಅಳತೆಯೂ ಚಿಕ್ಕದು. ಬುಕ್‌ವರ್ಮ್ ಕಾರ್ಡಿನಲ್ಲಿ ಅದು 512 ಎಂಬಿ, ಬಸ್ಟರ್ ಕಾಲದಲ್ಲಿ 256, ಅದಕ್ಕೂ ಹಿಂದೆ ಇನ್ನೂ ಕಡಿಮೆ. ಜಾಗ ತುಂಬಿದರೆ ಕರ್ನಲ್ ಅರ್ಧಂಬರ್ಧ ಬರೆದು ನಿಲ್ಲುವುದುಂಟು.

ಐದನೇ ಬೋರ್ಡು: ಎಲ್ಲ ಸರಿ, ವಾಲ್ವ್ ತೆರೆಯದು

ಇದನ್ನು ಏಳದ ಬೋರ್ಡು ಎನ್ನುವ ಹಾಗಿಲ್ಲ. ಆದರೆ ತೋಟಕ್ಕೆ ಇದೇ ಹೆಚ್ಚು ಅಪಾಯದ್ದು. 2024ರಲ್ಲಿ ಕರ್ನಲ್ 6.6 ಬಂದ ಮೇಲೆ ನಡೆದದ್ದು. ಬೋರ್ಡು ಎದ್ದಿತು, ವೈಫೈ ಬಂತು, "ಎರಡನೇ ಬ್ಲಾಕಿಗೆ ನೀರು ಬಿಟ್ಟಾಯಿತು" ಎಂದು ಮೊಬೈಲಿಗೆ ಸಂದೇಶವೂ ಬಂತು. ತೋಟದಲ್ಲಿ ಒಂದು ಹನಿ ಇಲ್ಲ! ಮೂರನೇ ದಿನ ಮನೆಯಾಕೆ ಬುಡಕ್ಕೆ ಕೈ ಹಾಕಿ ನೋಡಿದ ಮೇಲೆಯೇ ಗೊತ್ತಾದದ್ದು.

ರಿಲೇಗಳನ್ನು ಹಳೇ ಕ್ರಮದಲ್ಲಿ, ಅಂದರೆ ಸಿಸ್ ಫೋಲ್ಡರಿನ ಪಿನ್ ಸಂಖ್ಯೆಯ ಮೂಲಕ ಆಡಿಸುವ ಕಾರ್ಯಕ್ರಮ ಅದು. 6.6ರಿಂದ ಪೈ 3 ಮತ್ತು 4ರಲ್ಲಿ ಆ ಎಣಿಕೆ ಸೊನ್ನೆಯ ಬದಲು 512ರಿಂದ ಸುರುವಾಗುತ್ತದೆ. 17ನೇ ಪಿನ್ನನ್ನು ಈಗ 529 ಎಂದು ಕರೆಯಬೇಕು. ಕಾರ್ಯಕ್ರಮ 17 ಎಂದು ಕರೆದರೆ ಓಗೊಡುವವರಿಲ್ಲ. ಆಗಿನ ಮಟ್ಟಿಗೆ 512 ಸೇರಿಸಿ ತಿದ್ದಿದೆವು. ಕಾಯಂ ಪರಿಹಾರ ಲಿಬ್‌ಜಿಪಿಐಒಡಿ ಎಂಬ ಹೊಸ ಕ್ರಮಕ್ಕೆ ಬದಲಿಸುವುದು. ಸಂದೇಶ ಬಂದರೆ ನೀರು ಹೋಯಿತು ಎಂದು ನಂಬಬೇಡಿ. ಬಡ್ತಿಯ ಮರುದಿನ ಪ್ರತಿ ಬ್ಲಾಕಿನ ಕೊನೆಯ ಡ್ರಿಪ್ಪರ್ ವರೆಗೆ ನಡೆದುಕೊಂಡು ಹೋಗಿ ನೋಡಿ.

ಎಲ್ಲಕ್ಕಿಂತ ಮೊದಲು ವೋಲ್ಟೇಜು

ದೀಪ ಎಣಿಸುವ ಮೊದಲೇ ನೋಡಬೇಕಾದ ವಿಷಯ ಇದು. ಬೋರ್ಡಿಗೆ ಬೇಕಾದ್ದು 5.1 ವೋಲ್ಟು. ಪೈ 3ಕ್ಕೆ 2.5 ಆಂಪಿಯರ್, ಪೈ 4ಕ್ಕೆ 3 ಆಂಪಿಯರ್ ಕೊಡುವ ಅಡಾಪ್ಟರ್. 4.63 ವೋಲ್ಟಿಗಿಂತ ಕೆಳಗೆ ಇಳಿದರೆ ಬೋರ್ಡು ಎಚ್ಚರಿಸುತ್ತದೆ. ಕೆಂಪು ದೀಪ ಆರುತ್ತದೆ ಅಥವಾ ಮಿನುಗುತ್ತದೆ. ಮೊಬೈಲಿನ ಹಳೇ ಚಾರ್ಜರು, ಉದ್ದದ ಸಪೂರ ವಯರು ಹಾಕಿದ ಕಡೆಗಳಲ್ಲಿ ಇದು ಸಾಮಾನ್ಯ. ಹಳೇ ಕರ್ನಲ್ಲಿನಲ್ಲಿ ಹೇಗೋ ನಡೆದು ಹೋಗುತ್ತಿದ್ದದ್ದು ಬಡ್ತಿಯ ಹೊತ್ತಿಗೆ ಕೈಕೊಡುತ್ತದೆ. ಯಾಕೆಂದರೆ ಆಗ ಬೋರ್ಡಿಗೆ ಕೆಲಸ ಹೆಚ್ಚು, ಕಾರ್ಡಿಗೆ ಬರೆಯುವುದೂ ಹೆಚ್ಚು.

ಇನ್ನೊಂದು. ತಪಾಸಣೆಯ ಮೊದಲು ರಿಲೇ, ಸೆನ್ಸರ್ ವಯರುಗಳನ್ನೆಲ್ಲ ಕಳಚಿ ಬೋರ್ಡನ್ನು ಬೋಳು ಮಾಡಿಕೊಳ್ಳಿ. ಇಲಿ ಕಡಿದ ಒಂದು ವಯರು ಶಾರ್ಟಾಗಿ ಬೋರ್ಡನ್ನು ಮಲಗಿಸುವುದೂ ಉಂಟು. ಬೋಳು ಬೋರ್ಡು ಎದ್ದರೆ ತೊಂದರೆ ಹೊರಗೆ ಎಂದು ಗೊತ್ತಾಯಿತಲ್ಲ.

ಬಡ್ತಿಯ ಮೊದಲು

ನಾವು ಐದೂ ಮಂದಿ ಈಗ ಪಾಲಿಸುವ ಕ್ರಮ ಇದು:

* ಬಡ್ತಿಗೆ ಬೇಸಗೆ ಬೇಡ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡವಾದಾಗ ಬೋರ್ಡನ್ನು ಮನೆಗೆ ತಂದು ಮಾಡಿ.
* ಓಡುತ್ತಿರುವ ಕಾರ್ಡಿನ ಪೂರ್ತಿ ನಕಲನ್ನು ಇನ್ನೊಂದು ಕಾರ್ಡಿಗೆ ತೆಗೆದು, ಆ ನಕಲಿನಿಂದ ಬೋರ್ಡು ಏಳುತ್ತದೆಂದು ಖಾತ್ರಿ ಮಾಡಿ. ಬಡ್ತಿಯನ್ನು ನಕಲಿಗೆ ಮಾಡಿ, ಅಸಲು ಕಪಾಟಿನಲ್ಲಿರಲಿ.
* ಹಳೇ ಕರ್ನಲ್ಲನ್ನು ಬೇರೆ ಹೆಸರಿನಲ್ಲಿ ಮೊದಲ ಭಾಗದಲ್ಲೇ ಇಟ್ಟುಕೊಳ್ಳಿ, ಅದರ ಮಾಡ್ಯೂಲ್ ಫೋಲ್ಡರನ್ನೂ ಉಳಿಸಿ. ಹೊಸತು ಏಳದಿದ್ದರೆ ಕಾನ್ಫಿಗ್ ಚೀಟಿಯಲ್ಲಿ "ಕರ್ನಲ್ =" ಎಂದು ಹಳೇ ಹೆಸರು ಬರೆದರೆ ಅದೇ ಏಳುತ್ತದೆ.
* ರಪಿ-ಅಪ್‌ಡೇಟ್ ಎಂಬ ಆಜ್ಞೆ ತರುವುದು ಪರೀಕ್ಷೆಯಲ್ಲಿರುವ ಕರ್ನಲ್. ತೋಟದ ಬೋರ್ಡಿಗೆ ಅದು ಬೇಡ.
* ಬಡ್ತಿಯ ಮೊದಲು ಮೊದಲ ಭಾಗದಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ.
* ಪ್ರತಿ ರಿಲೇಗೂ ಸಮಾನಾಂತರವಾಗಿ ಒಂದು ಕೈಸ್ವಿಚ್ಚು ಇರಲಿ. ಬೋರ್ಡು ಮಲಗಿದರೂ ಮನೆಯವರು ಯಾರಾದರೂ ನೀರು ಬಿಡುವಂತಿರಬೇಕು. ಡ್ರೈರನ್ ತಡೆಯುವ ಸಾಧನ ಸ್ಟಾರ್ಟರಿನಲ್ಲೇ ಇರಲಿ, ಅದನ್ನು ಬೋರ್ಡಿನ ಬುದ್ಧಿಗೆ ಬಿಡಬೇಡಿ.

ಎರಡನೇ ಕಾರ್ಡು, ಕಾರ್ಡ್ ರೀಡರ್, ಸೀರಿಯಲ್ ಕೇಬಲ್. ಈ ಮೂರೂ ಸೇರಿ ಒಂದು ಗೇಟ್‌ವಾಲ್ವ್ ಬದಲಿಸುವ ಖರ್ಚಿಗಿಂತ ಹೆಚ್ಚಾಗದು. ನಮ್ಮ ಐದು ಮನೆಗಳಿಗೆ ಸೇರಿ ಒಂದು ಸೆಟ್ಟು ಇಟ್ಟಿದ್ದೇವೆ. ಡಬ್ಬದೊಳಗೆ ಮಿನುಗಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಯಾರದ್ದಾದರೂ ಬೋರ್ಡು ಮಲಗಿದರೆ ಡಬ್ಬ ಅವರ ಮನೆಗೆ ಹೋಗುತ್ತದೆ.

ಮೂವತ್ತು ನಲ್ವತ್ತು ವರ್ಷ ಹಿಂದೆ ಪಂಪ್‌ಸೆಟ್ಟು ಹೊಸತಾಗಿ ಬಂದಾಗ ಅದು ಕೆಟ್ಟರೆ ಪೇಟೆಯ ಮೆಕ್ಯಾನಿಕ್ಕನ್ನು ಕಾಯಬೇಕಿತ್ತು. ಆಮೇಲೆ ಊರಿಗೊಬ್ಬರು ಕಲಿತರು, ಈಗ ಫುಟ್‌ವಾಲ್ವಿಗೆ ಯಾರೂ ಮೆಕ್ಯಾನಿಕ್ಕನ್ನು ಕರೆಯುವುದಿಲ್ಲ. ಈ ಪುಟ್ಟ ಬೋರ್ಡಿನ ಕತೆಯೂ ಹಾಗೆಯೇ ಆಗಬೇಕು. ಮನೆಯಲ್ಲಿ ಇಬ್ಬರೇ ಉಳಿದಿರುವ ನಮ್ಮಂತಹವರ ತೋಟಕ್ಕೆ ನೀರು ಬಿಡುವ ಯಂತ್ರದ ಬೀಗದ ಕೈ ಬೇರೆ ಊರಿನಲ್ಲಿ ಇರಬಾರದು.